ಗುಣವಾದ ಮೇಲೆ

ಮೈಗೆ ಬಂದ ಬೇನೆಗೂ ಮನಸ್ಸಿಗೆ ಬಂದ ಬೇನೆಗೂ ನಮ್ಮ ಜನರು ಮಾಡುವ ಭೇದವು, ಬೇನೆ ಬಂದಾಗ ಕಾಣುವದಕ್ಕಿಂತ ಅದು ಹೋದ ಮೇಲೆಯೇ ಹೆಚ್ಚಾಗಿ ಕಾಣುತ್ತದೆ. ವಿಷಮಜ್ವರದಿಂದ ಎದ್ದವನನ್ನು ಯಾರೂ ಮುಂದೆ ಹತ್ತು ವರ್ಷ 'ಜ್ವರದವ' ಎಂದು ಕರೆಯುವದಿಲ್ಲ. ಕಾಲು ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದವನು ಎದ್ದು ಹೊಲಕ್ಕೆ ಹೊರಟನೆಂದರೆ ಊರ ಅಗಸಿಯಲ್ಲಿ ನಾಲ್ಕು ಜನ ನಿಲ್ಲಿಸಿ ಮಾತನಾಡಿಸುತ್ತಾರೆ. ಆದರೆ ಒಮ್ಮೆ ಬುದ್ಧಿ ಕೆಟ್ಟು, ಔಷಧೋಪಚಾರದಿಂದ ನೆಟ್ಟಗಾಗಿ ಬಂದವನಿಗೆ ಆ ಹಳೆಯ ಹೆಸರು ಸಾಯುವ ತನಕ ಬಿಡುವದಿಲ್ಲ. ಅವನು ಜೋರಾಗಿ ನಕ್ಕರೆ 'ಮತ್ತ ಸುರುವಾತು' ಎನ್ನುತ್ತಾರೆ. ಸುಮ್ಮನೆ ಕುಳಿತರೂ ಅದೇ ಮಾತು. ಸಿಟ್ಟಾದನೆಂದರೆ ಮುಗಿದೇ ಹೋಯಿತು. ಸಿಟ್ಟಾಗುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಉಂಟು, ಅವನೊಬ್ಬನಿಗೆ ಇಲ್ಲ.

ನಾನು ವೈದ್ಯಕೀಯ ಕಲಿತವನಲ್ಲ. ಇತಿಹಾಸ, ಸಮಾಜಶಾಸ್ತ್ರಗಳ ವಿದ್ಯಾರ್ಥಿ. ರೋಗ ಹೇಗೆ ಬರುತ್ತದೆ, ಯಾವ ಗುಳಿಗೆ ಯಾವುದಕ್ಕೆ ಎಂಬುದನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ಗುಣವಾಗುವದೆಂದರೆ ಏನು ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲವೆಂದು ನನ್ನ ತಿಳುವಳಿಕೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ನಿದ್ದೆ ಬಂತು, ಊಟ ಸೇರಿತು. ಇಷ್ಟಾದರೆ ದವಾಖಾನೆಯ ಕೆಲಸ ಬಹುಮಟ್ಟಿಗೆ ಆದಂತೆ. ಮನುಷ್ಯ ಮಾತ್ರ ಇನ್ನೂ ಅರ್ಧ ದಾರಿಯಲ್ಲಿಯೇ ಇರುತ್ತಾನೆ. ಉಳಿದ ಅರ್ಧ ದಾರಿಯನ್ನು ಅವನು ನಡೆಯುವದು ನಮ್ಮ ಮನೆಗಳಲ್ಲಿ, ನಮ್ಮ ಹೊಲಗಳಲ್ಲಿ, ನಮ್ಮ ಓಣಿಯಲ್ಲಿ. ಅಲ್ಲಿ ನಾವು ಅವನಿಗೆ ದಾರಿ ಬಿಡುತ್ತಿಲ್ಲ ಎಂಬುದೇ ಈ ಲೇಖನದ ತಕರಾರು.

ಬೆಳಗಾವಿ ಜಿಲ್ಲೆಯವರಿಗೆ ಈ ಬೇನೆ ಎಂದೊಡನೆ ನೆನಪಾಗುವದು ಧಾರವಾಡ. 'ಇವನ್ನ ಧಾರವಾಡಕ್ಕ ಕಳಸಬೇಕು' ಎಂದರೆ ನಮ್ಮ ಕಡೆ ಅದು ಬೈಗುಳವೂ ಹೌದು, ಚೇಷ್ಟೆಯೂ ಹೌದು. ಬೇಂದ್ರೆಯವರ ಊರಿಗೆ, ಪೇಢೆಯ ಊರಿಗೆ ಈ ಕೀರ್ತಿ ಬಂದದ್ದು 1845ರಿಂದ. ಅಂದು ಮುಂಬಯಿ ಇಲಾಖೆಯ ಸರಕಾರ ಅಲ್ಲಿ ಹುಚ್ಚರ ಆಸ್ಪತ್ರೆಯನ್ನು ತೆರೆಯಿತು. ಎರಡು ವರ್ಷಗಳ ತರುವಾಯ ಮೈಸೂರು ಸೀಮೆಗೆ ಬೆಂಗಳೂರಿನಲ್ಲಿ ಅಂಥದೇ ಒಂದಾಯಿತು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆ ಎಂದು ಹೆಸರಿದ್ದರೂ ಆ ಕಾಲದಲ್ಲಿ ಅವು ಕಾವಲಿನ ಮನೆಗಳು. 1912ರ ಲೂನಸಿ ಕಾಯಿದೆಯ ಮುಖ್ಯ ಚಿಂತೆ ರೋಗಿಯ ಗುಣದ್ದಲ್ಲ, ಊರಿನ ಶಾಂತತೆಯದು. ಮ್ಯಾಜಿಸ್ಟ್ರೇಟರ ಹುಕುಮಿನಿಂದ ಒಳಗೆ ಹೋಗಬೇಕು. ಬ್ರಿಟಿಷರು ಹೋದ ಮೇಲೂ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಾವು ಅದೇ ಕಾಯಿದೆಯನ್ನು ಇಟ್ಟುಕೊಂಡಿದ್ದೆವು. ಅದರ ಬದಲಿಗೆ 1987ರಲ್ಲಿ ಹೊಸ ಕಾಯಿದೆ ಆಯಿತು. ಜಾರಿಗೆ ಬಂದದ್ದು 1993ರಲ್ಲಿ. ಇಂದು ಧಾರವಾಡದ ಅದೇ ಸಂಸ್ಥೆ ಡಿಮ್ಹಾನ್ಸ್ ಎಂಬ ಹೆಸರಿನಿಂದ ಚಿಕಿತ್ಸೆಯ ಜೊತೆಗೆ ಪಾಠ ಹೇಳುವ ಸಂಸ್ಥೆಯೂ ಆಗಿದೆ. ಮುಂಜಾನೆ ಹೋಗಿ, ತೋರಿಸಿಕೊಂಡು, ಗುಳಿಗೆ ತಗೊಂಡು ಸಂಜೆಯ ಗಾಡಿಗೆ ಮನೆಗೆ ಬರುವವರೇ ಬಹಳ. ಸಂಸ್ಥೆ ಬದಲಾಗಿದೆ, ನಮ್ಮ ಬೈಗುಳ ಮಾತ್ರ 1845ರಲ್ಲಿಯೇ ನಿಂತಿದೆ.

ಕಾಯಿದೆಯೂ ಬಹಳ ಮುಂದೆ ಬಂದಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಒಳಗಿದ್ದ ಮನೋರೋಗಿಗಳು ಓಡಿ ಪಾರಾಗಲಿಲ್ಲ. ಅವರನ್ನು ಸರಪಳಿಯಿಂದ ಕಟ್ಟಲಾಗಿತ್ತು. ಇಪ್ಪತ್ತೈದಕ್ಕೂ ಹೆಚ್ಚು ಜನ ಹಾಗೆಯೇ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ (ಇದು 2018ರ ಮೇ 29ರಿಂದ ಜಾರಿಯಲ್ಲಿದೆ) ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾಯಿದೆಯ ಬರವಣಿಗೆ ಎಲ್ಲ ಕಾಯಿದೆಗಳಂತೆ ನೀರಸವೇ. ಆದರೆ ಅದರ ಹತ್ತೊಂಬತ್ತನೆಯ ಕಲಮಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಮಾತಿದೆ: ಮನೆಯವರು ಒಲ್ಲೆನೆಂದರು, ಅಥವಾ ಇರಲು ಮನೆಯಿಲ್ಲ ಎಂಬ ಕಾರಣ ಒಂದರಿಂದಲೇ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಕೂಡದು; ಸಮಾಜದಲ್ಲಿ ಎಲ್ಲರ ನಡುವೆ ಬಾಳುವದು ಅವನ ಹಕ್ಕು. ಒಳ್ಳೆಯ ಮಾತು. ಆದರೆ ಮನೆಯೊಳಗೇ ಇದ್ದು, ಹೊತ್ತುಹೊತ್ತಿಗೆ ಉಂಡು, ಮನೆಯವರಿಗೆ ಬೇಡವಾದವನ ವಿಚಾರವೇನು? ಅವನಿಗೆ ಯಾವ ಕಲಮು?

ಇದನ್ನು ನಾನು ಗಾಳಿಯಲ್ಲಿ ಹೇಳುತ್ತಿಲ್ಲ. ಖಾನಾಪುರ ತಾಲೂಕಿನ ನಮ್ಮ ಮನೆಯಲ್ಲಿ ನನ್ನ ಕಾಕಾ ಇದ್ದಾನೆ, ಅಪ್ಪನ ಬೆನ್ನಿಗೆ ಬಿದ್ದವ. ಅವನಿಗೆ ಬೇನೆ ಸುರುವಾದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ರಾತ್ರಿಯೆಲ್ಲ ಎಚ್ಚರ, ಯಾರೊಡನೆಯೋ ಮಾತು, ಊಟದಲ್ಲಿ ವಿಷ ಹಾಕಿದ್ದಾರೆಂಬ ಸಂಶಯ. ಮೊದಲು ಹೋದದ್ದು ಗಾಳಿ ಬಿಡಿಸುವವರ ಕಡೆಗೆ. ಅಲ್ಲಿ ಅವನಿಗೆ ಬಿದ್ದ ಏಟಿನ ಗುರುತು ಬೆನ್ನ ಮೇಲೆ ಇನ್ನೂ ಇದೆ. ಒಂದು ಎತ್ತು ಮಾರಿದ ಹಣ ಅಲ್ಲಿಯೇ ಹೋಯಿತು. ವರ್ಷ ಕಳೆದ ಮೇಲೆ ಬೆಳಗಾವಿಯ ದವಾಖಾನೆಯೊಂದಕ್ಕೆ ಕರೆದುಕೊಂಡು ಬಂದರು. ಸ್ಕಿಝೋಫ್ರೇನಿಯಾ ಎಂದರು, ಗುಳಿಗೆ ಕೊಟ್ಟರು. ಚೀಟಿಯ ಮೇಲಿನ ಇಂಗ್ಲೀಷನ್ನು ನಮ್ಮ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ ಆದುದರಿಂದ ಗುಳಿಗೆ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕೈದು ತಿಂಗಳಲ್ಲಿ ದನಿಗಳು ಸುಮ್ಮನಾದವು. ಕೈ ಸ್ವಲ್ಪ ನಡುಗುತ್ತಿತ್ತು, ಮೈ ಬಂತು, ಮುಂಜಾನೆ ಏಳಲು ತಡವಾಗುತ್ತಿತ್ತು. ಅವು ಗುಳಿಗೆಯ ಗುಣಗಳೆಂದು ವೈದ್ಯರು ಮೊದಲೇ ಹೇಳಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ದೇವರಿಗೆ ಕೈಮುಗಿದು, ಕಾಕಾನಿಗೆ ಗುಣವಾಯಿತೆಂದರು.

ಅದೇ ವರ್ಷ ಭತ್ತದ ಕೊಯ್ಲಿಗೆ ಕಾಕಾ ಬೆಳಿಗ್ಗೆ ಎದ್ದು, ಮುಖ ತೊಳೆದು, ತಲೆಗೆ ಟವೆಲ್ಲು ಸುತ್ತಿಕೊಂಡು ನಮ್ಮ ಅವ್ವನ ಎದುರು ಬಂದು ನಿಂತ. 'ವೈನೀ, ನನ್ನ ಕುಡಗೋಲ ಎಲ್ಲಿಟ್ಟೀರಿ?' ಅವ್ವ ಉತ್ತರ ಕೊಡಲಿಲ್ಲ. ಒಳಗಿನಿಂದ ಆಯಿಯೇ ಕೂಗಿದಳು: 'ನಿನಗ್ಯಾಕ ಬೇಕೋ ಅದು? ಸುಮ್ಮ ಕೂತ ಉಣ್ಣು.' ಮಗನ ಮೇಲೆ ಪ್ರಾಣ ಇಟ್ಟಿದ್ದ ಮುದುಕಿ ಅವಳು. ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಅಂಜಿಕೆಯಿತ್ತು. ಆ ಸುಗ್ಗಿ ಮುಗಿಯುವ ತನಕ ಕಾಕಾ ಬದುವಿನ ಮೇಲೆ ಕುಳಿತು ಬೇರೆಯವರು ಕೊಯ್ಯುವದನ್ನು ನೋಡಿದ. ಮುಂದಿನ ಎರಡು ಸುಗ್ಗಿಗಳೂ ಹಾಗೆಯೇ ಹೋದವು. ಸಂತೆಗೆ ಕಳಿಸುವಂತಿಲ್ಲ, ಕೈಯಲ್ಲಿ ಹತ್ತು ರೂಪಾಯಿ ಕೊಡುವಂತಿಲ್ಲ, ಮನೆಗೆ ಬೀಗರು ಬಂದರೆ ಹಿತ್ತಲಿಗೆ ಹೋಗಿ ಕೂಡಬೇಕು. ಒಂದು ಕಾಲಕ್ಕೆ ದನ ನೋಡಿ ಬೆಲೆ ಹೇಳುವದರಲ್ಲಿ ಓಣಿಯಲ್ಲಿಯೇ ಹೆಸರಾಗಿದ್ದ ಮನುಷ್ಯ!

ಅವನಿಗೆ ಕುಡಗೋಲು ಸಿಕ್ಕದ್ದು ನಮ್ಮ ಮನೆಯವರಿಗೆ ಜ್ಞಾನೋದಯವಾಗಿ ಅಲ್ಲ. ಎರಡು ವರ್ಷದ ಹಿಂದೆ ಕೂಲಿಯ ಆಳುಗಳು ಸಿಗಲಿಲ್ಲ, ಮೋಡ ಕಟ್ಟುತ್ತಿತ್ತು, ಅಪ್ಪ ಬೇರೆ ದಾರಿ ಕಾಣದೆ ಕೊಟ್ಟ. ಕಾಕಾ ನಿಧಾನವಾಗಿ ಕೊಯ್ದ, ನಡುನಡುವೆ ಕುಳಿತ, ಆದರೆ ಸಂಜೆಯ ತನಕ ಕೊಯ್ದ. ಎಂಟು ದಿವಸದ ತರುವಾಯ ಅವನು ಕೂಲಿ ಕೇಳಿದಾಗ ಮನೆಯಲ್ಲಿ ಸ್ವಲ್ಪ ಗದ್ದಲವೇ ಆಯಿತೆನ್ನಬೇಕು. ಕೊನೆಗೆ ಕೊಟ್ಟರು. ಅವನು ಆ ಹಣದಿಂದ ಕ್ಷೌರ ಮಾಡಿಸಿಕೊಂಡು, ಚಹ ಕುಡಿದು, ಉಳಿದದ್ದನ್ನು ಆಯಿಯ ಕೈಗೆ ತಂದುಕೊಟ್ಟ. ಮುಂದಿನ ಸಲ ಬೆಳಗಾವಿಗೆ ತೋರಿಸಲು ಹೋದಾಗ ಅದುವರೆಗೆ ವೈದ್ಯರ ಎದುರು ಬಾಯಿಬಿಡದವನು ತಾನೇ ಕೇಳಿದ: 'ಸಾಹೇಬ್ರ, ಮುಂಜಾನೆ ಲಗೂನ ಏಳೂದಾಗವಲ್ತು. ಕೆಲಸಕ್ಕ ಹೋಗಬೇಕಾಗತೈತಿ.' ವೈದ್ಯರು ಗುಳಿಗೆಯ ಹೊತ್ತು ಬದಲಿಸಿ, ಪ್ರಮಾಣವನ್ನೂ ಸ್ವಲ್ಪ ತಗ್ಗಿಸಿದರು. ನನಗೆ ಅಂದು ಹೊಳೆದದ್ದು ಇಷ್ಟು: ಏಳಲು ಕಾರಣವೇ ಇಲ್ಲದವನು ಏಳಲಾಗುವದಿಲ್ಲವೆಂದು ವೈದ್ಯರಿಗೆ ಹೇಳುವದಾದರೂ ಏಕೆ? ಅಲ್ಲಿಯ ತನಕ ಗುಳಿಗೆಯನ್ನು ನಾನು ಎಣಿಸಿ ಕೊಡುತ್ತಿದ್ದೆ. ಈಗ ಅವನೇ ತೆಗೆದುಕೊಳ್ಳುತ್ತಾನೆ.

ಒಂದು ಮನೆಯ ಕತೆಯಿಂದ ಸಿದ್ಧಾಂತ ಕಟ್ಟಬಾರದೆಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಾರೆ, ಸರಿಯೇ. ಆದರೆ ಈ ಸಂಗತಿಯನ್ನು ಲೋಕ ಬಹಳ ಹಿಂದಿನಿಂದಲೇ ಕಂಡಿದೆ. ಬೆಲ್ಜಿಯಮ್ ದೇಶದ ಗೀಲ್ ಎಂಬ ಊರಿನಲ್ಲಿ ಮನೋರೋಗಿಗಳನ್ನು ಸಾಮಾನ್ಯ ಒಕ್ಕಲು ಮನೆಗಳು ತಮ್ಮಲ್ಲಿ ಇಟ್ಟುಕೊಂಡು, ಕೆಲಸದಲ್ಲಿಯೂ ಊಟದಲ್ಲಿಯೂ ಪಾಲು ಕೊಡುತ್ತ ಬಂದದ್ದು ಶತಮಾನಗಳ ರೂಢಿ. ನಮ್ಮ ದೇಶದಲ್ಲಿಯೇ, 1950ರ ದಶಕದಲ್ಲಿ, ಅಮೃತಸರದ ಮನೋರೋಗದ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವಾರದಲ್ಲಿ ಡೇರೆ ಹೊಡೆಸಿ ರೋಗಿಗಳ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ಬೇನೆ ಎಂದರೇನು, ಮನೆಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರು ಮನೆಯವರಿಗೇ ಕಲಿಸಿದರು. ಮುಂದೆ 1960ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಸ್ಕಿಝೋಫ್ರೇನಿಯಾದ ಅಧ್ಯಯನ ಆರಂಭಿಸಿತು. ನಮ್ಮ ದೇಶದ ಕೇಂದ್ರ ಆಗ್ರಾ. ಎರಡು ವರ್ಷ, ಐದು ವರ್ಷಗಳ ತರುವಾಯ ನೋಡಿದಾಗ ಶ್ರೀಮಂತ ದೇಶಗಳ ರೋಗಿಗಳಿಗಿಂತ ಆಗ್ರಾದ ಮತ್ತು ನೈಜೀರಿಯದ ಇಬಾದಾನಿನ ರೋಗಿಗಳು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡಿದ್ದರು. ಕೂಡುಕುಟುಂಬವೂ, ಯಾರಿಗಾದರೂ ಏನಾದರೂ ಕೈಗೆಲಸ ಸಿಗುವ ಹಳ್ಳಿಯ ಬಾಳುವೆಯೂ ಇದಕ್ಕೆ ಕಾರಣವಿರಬಹುದೆಂದು ಅನೇಕರು ಊಹಿಸಿದರು. ಈ ತೀರ್ಮಾನವನ್ನು ಸಂಶಯಿಸಿದ ವಿದ್ವಾಂಸರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ನನಗಂತೂ ಅದು ಹೊಗಳಿಕೆಯಂತೆ ಕೇಳಿಸದೆ ಎಚ್ಚರಿಕೆಯಂತೆ ಕೇಳಿಸುತ್ತದೆ. ಕೂಡುಕುಟುಂಬ ಇದ್ದಷ್ಟಕ್ಕೇ ಆಗಲಿಲ್ಲ, ಅದರೊಳಗೆ ಅವನು ಲೆಕ್ಕಕ್ಕೆ ಬರಬೇಕು.

ಬಸವ ಜಯಂತಿಯ ದಿವಸ ಕಾಯಕದ ಮೇಲೆ ಭಾಷಣ ಮಾಡದ ಕಾಲೇಜು ಬೆಳಗಾವಿಯಲ್ಲಿ ಇರಲಿಕ್ಕಿಲ್ಲ. ಕಾಯಕ ಇಲ್ಲದವನು ಶರಣರ ನಡುವೆ ಕೂಡಲಾರ ಎನ್ನುವ ನಾವು, ಕಾಯಕ ಕೇಳುವವನಿಗೆ 'ಸುಮ್ಮ ಕೂತ ಉಣ್ಣು' ಎನ್ನುತ್ತೇವೆ. ಇದರ ಮಗ್ಗುಲಲ್ಲಿಯೇ ಇನ್ನೊಂದು ಅನ್ಯಾಯವಿದೆ. ಕೆಲವು ಮನೆಗಳಲ್ಲಿ ಗುಣವಾದವನಿಗೆ ಕೆಲಸಕ್ಕೇನೂ ಕಡಿಮೆಯಿಲ್ಲ. ಸೆಗಣಿ ಬಳಿಯುವದರಿಂದ ನೀರು ಹೊರುವ ತನಕ ಅವನೇ. ಕೂಲಿಯಿಲ್ಲ, ಹಬ್ಬಕ್ಕೆ ಹೊಸ ಅಂಗಿಯಿಲ್ಲ, ಹೊಲದ ಮಾತು ಬಂದಾಗ ಅವನ ಅಭಿಪ್ರಾಯ ಕೇಳುವವರಿಲ್ಲ. 'ಅವಗೇನ ತಿಳೀತೈತಿ' ಎನ್ನುತ್ತ ಅವನ ಪಾಲಿನ ಹೊಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರೂ ಉಂಟು. ಅದನ್ನು ನಾನು ಕಾಯಕವೆಂದು ಕರೆಯಲಾರೆ. ಕೆಲಸದ ಜೊತೆಗೆ ಕೈಗೆ ಹಣ, ಬಾಯಿಗೆ ಮಾತು ಬರಬೇಕು.

ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ಕಠಿಣ. ಗಂಡಸಿಗೆ ಬೇನೆ ಬಂದರೆ 'ಒಂದು ಮದುವೆ ಮಾಡಿರಿ, ಸರಿಹೋದಾನು' ಎಂದು ಹೇಳಿ ಒಬ್ಬ ಬಡವರ ಹುಡುಗಿಯನ್ನು ತರುತ್ತಾರೆ. ಅವಳಿಗೆ ಒಂದು ಮಾತು ಮುಂಚಿತವಾಗಿ ಹೇಳುವದಿಲ್ಲ. ಅದೇ ಹೆಣ್ಣಿಗೆ ಬಾಣಂತನದಲ್ಲಿ ಮನಸ್ಸು ಕೆಟ್ಟರೆ ತವರಿಗೆ ಕಳಿಸಿದವರು ತಿರುಗಿ ಕರೆಯಲು ಬರುವದಿಲ್ಲ. ಬಾಣಂತನದಲ್ಲಿ ಬರುವ ಈ ಬೇನೆ ಸಕಾಲಕ್ಕೆ ಔಷಧ ಸಿಕ್ಕರೆ ಬಹುಮಟ್ಟಿಗೆ ಪೂರ್ಣ ಗುಣವಾಗುವಂಥದು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯ, ಸ್ಕಿಝೋಫ್ರೇನಿಯಾ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ವಿಚ್ಛೇದನ ಕೊಡಲಾಗದು, ಬೇನೆ ಎಷ್ಟು ತೀವ್ರವಾಗಿದೆ ಎಂಬುದನ್ನು ನೋಡಬೇಕು ಎಂದು ನಿರ್ಣಯ ಕೊಟ್ಟಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕೋರ್ಟಿಗೆ ಹೋಗುವವರಾದರೂ ಯಾರು? ಅವಳ ಟ್ರಂಕು ಒಂದು ದಿವಸ ತವರಿನ ಪಡಸಾಲೆಗೆ ಬಂದು ಬೀಳುತ್ತದೆ, ಅಷ್ಟೇ ನಿರ್ಣಯ.

ಇಷ್ಟು ಬರೆದ ಮೇಲೆ, ಮನೆಯವರನ್ನೇ ಕಟಕಟೆಯಲ್ಲಿ ನಿಲ್ಲಿಸಿದೆನೆಂಬ ಆಕ್ಷೇಪ ಬರಬಹುದು. ಮನೆಯವರ ಅಂಜಿಕೆಗೆ ಕಾರಣವಿಲ್ಲದಿಲ್ಲ. ಬೇನೆ ಮರುಕಳಿಸುತ್ತದೆ, ಮರುಕಳಿಸಿದಾಗ ರಾತ್ರಿಯೆಲ್ಲ ಎಚ್ಚರವಿರಬೇಕಾದವರು ಅವರೇ. ಮರುಕಳಿಸಲು ಬಹು ಸಾಮಾನ್ಯವಾದ ಕಾರಣ ಗುಳಿಗೆ ನಿಲ್ಲುವದು, ಗುಳಿಗೆ ನಿಲ್ಲಲು ಬಹು ಸಾಮಾನ್ಯವಾದ ಕಾರಣ ದಾರಿ. ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿಲೋಮೀಟರು. ನಕಾಶೆಯಲ್ಲಿ ನೋಡಿದರೆ ಏನೂ ಅಲ್ಲ. ಆದರೆ ರೋಗಿಯ ಜೊತೆಗೆ ಒಬ್ಬರು ಹೋಗಬೇಕು, ಇಬ್ಬರ ಒಂದು ದಿವಸದ ಕೂಲಿ ಹೋಗಬೇಕು. ಇನ್ನು ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯವರು, ಭೀಮಗಡದ ಕಾಡಿನೊಳಗಿನ ಹಳ್ಳಿಯವರು ಮಳೆಗಾಲದಲ್ಲಿ ಖಾನಾಪುರಕ್ಕೆ ಬಂದು ಮುಟ್ಟುವದೇ ಒಂದು ಸಾಹಸ. 'ಈಗ ಆರಾಮ ಅದಾನಲ್ಲ' ಎಂದು ಒಂದು ತಿಂಗಳು ತಪ್ಪಿಸುತ್ತಾರೆ. ಎರಡನೆಯ ತಿಂಗಳು ತಾನಾಗಿಯೇ ತಪ್ಪುತ್ತದೆ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು, ಬಹುಪಾಲು ಜನರಿಗೆ ಚಿಕಿತ್ಸೆ ಇರಲಿಲ್ಲ. ಸಮೀಕ್ಷೆಯಾದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವೆಂಬುದು ನಿಜ, ಆದರೆ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿವಸ ಕುಳಿತವರಿಗೆ ಆ ಅಂಕಿ ಪರಕೀಯವೆನಿಸಲಾರದು.

ದವಾಖಾನೆಯನ್ನೇ ರೋಗಿಯ ಹತ್ತಿರ ಒಯ್ಯುವ ಪಾಠವನ್ನು ದೇಶಕ್ಕೆ ಕಲಿಸಿದ್ದು ನಮ್ಮ ರಾಜ್ಯವೇ ಎಂಬುದನ್ನು ಇಲ್ಲಿ ಹೇಳಬೇಕು. 1985ರಿಂದ 1990ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಔಷಧಗಳು ಅಲ್ಲಿಯೇ ಸಿಗುವಂತೆ ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2014ರಲ್ಲಿ ನಮ್ಮ ಸರಕಾರ 'ಮನೋಚೈತನ್ಯ' ಎಂಬ ಹೆಸರಿನಿಂದ, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಯೋಜನೆ ಮಾಡಿತು. ಯೋಜನೆ ಒಳ್ಳೆಯದು. ನನ್ನ ಓಣಿಯಲ್ಲಿ ಕೇಳಿದರೆ, ಮಂಗಳವಾರ ಯಾವ ದೇವರಿಗೆ ಯಾವ ಹರಕೆ ಎಂಬುದನ್ನು ಹತ್ತು ಜನ ಹೇಳಬಲ್ಲರು. ತಾಲೂಕು ಆಸ್ಪತ್ರೆಯ ಮಂಗಳವಾರವನ್ನು ಬಲ್ಲವರು ಒಬ್ಬಿಬ್ಬರು.

ಇನ್ನು ಭಾಷೆಯ ಮಾತು. ಈ ಊರಿನಲ್ಲಿ ಭಾಷೆ ಎಂದೊಡನೆ ಕೆಲವರ ಕಿವಿ ನೆಟ್ಟಗಾಗುತ್ತವೆ, ಆದರೆ ನಾನು ಆ ಜಗಳಕ್ಕೆ ಹೋಗುವವನಲ್ಲ. ಖಾನಾಪುರದಲ್ಲಿ ಕನ್ನಡದವರೂ ಮರಾಠಿಯವರೂ ಒಂದೇ ಬಾವಿಯ ನೀರು ಕುಡಿಯುತ್ತಾರೆ. ಹೊಟ್ಟೆನೋವಿನವರು ಹೊಟ್ಟೆ ಮುಟ್ಟಿ ತೋರಿಸಬಹುದು. ಮನಸ್ಸು ನೋಯುವವರು ಏನು ಮುಟ್ಟಿ ತೋರಿಸಬೇಕು? 'ಎದೀ ಹಾರಿದಂಗ ಆಗತೈತ್ರಿ', 'ಮನಸ ಹೊಂದವಲ್ದು' ಎಂಬ ಮಾತುಗಳಿಗೆ ಪುಸ್ತಕದ ಕನ್ನಡದಲ್ಲಿಯೂ ಸಮನಾದ ಮಾತಿಲ್ಲ. ಇನ್ನು ಮರಾಠಿ ಒಂದೇ ಬಲ್ಲ ಕಾಡಂಚಿನ ಮುದುಕಿ ಬರಿಯ ಕನ್ನಡ ಬಲ್ಲ ವೈದ್ಯರೆದುರು ಕುಳಿತರೆ ಐದು ನಿಮಿಷದಲ್ಲಿ ಏನು ಹೇಳಿಯಾಳು? ಮನಸ್ಸಿನ ಬೇನೆಯಲ್ಲಿ ರೋಗಿಯ ಮಾತೇ ಪರೀಕ್ಷೆಯ ಸಾಧನ. ಇಂಥಲ್ಲಿ ಎರಡೂ ಭಾಷೆ ಬಲ್ಲವರು ಜೊತೆಗೆ ಕುಳಿತರೆ ಆಗುವ ಉಪಕಾರ ಸಣ್ಣದಲ್ಲ, ಮತ್ತು ಎರಡೂ ಬಲ್ಲವರಿಗೆ ನಮ್ಮ ಕಾಲೇಜಿನಲ್ಲಿ ಬರವಿಲ್ಲ.

ನಮ್ಮ ಭಾಷೆಯಲ್ಲಿ ಇದರ ಬಗ್ಗೆ ಓದಲು ಏನೂ ಇಲ್ಲವೆನ್ನುವಂತಿಲ್ಲ. 'ಕೊರವಂಜಿ'ಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, ಬರೆದ 'ಮನಮಂಥನ' ಮನೋವೈದ್ಯದ ಗ್ರಂಥವೇ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಡಾ. ಸಿ. ಆರ್. ಚಂದ್ರಶೇಖರರು ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಹಲವಾರು ಪುಸ್ತಕ ಬರೆದಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಅಂಕಿಗೆ ಫೋನು ಮಾಡಿದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಪರೀಕ್ಷೆಯ ದಿವಸಗಳಲ್ಲಿ ನಿದ್ದೆಗೆಟ್ಟು, ಮನೆಗೂ ಹೇಳಲಾರದೆ, ಗೆಳೆಯರಿಗೂ ಹೇಳಲಾರದೆ ವಸತಿಗೃಹದ ಮಾಳಿಗೆಯ ಮೇಲೆ ಒಬ್ಬರೇ ತಿರುಗಾಡುವ ನಮ್ಮವರೂ ಆ ಅಂಕಿಯನ್ನು ಬರೆದಿಟ್ಟುಕೊಳ್ಳಲಿ.

ಎನ್.ಎಸ್.ಎಸ್. ಶಿಬಿರಕ್ಕೆ ಪ್ರತಿ ವರ್ಷ ನಾವು ಹಳ್ಳಿಗೆ ಹೋಗುತ್ತೇವೆ. ಓಣಿ ಗುಡಿಸುತ್ತೇವೆ, ಶಾಲೆಯ ಗೋಡೆಗೆ ಸುಣ್ಣ ಹಚ್ಚುತ್ತೇವೆ, ರಾತ್ರಿ ನಾಟಕ ಆಡುತ್ತೇವೆ. ಬರುವ ಶಿಬಿರವನ್ನು ಖಾನಾಪುರ ತಾಲೂಕಿನಲ್ಲಿ ಇಡುವ ಮಾತು ನಡೆದಿದೆ ಎಂದು ಕೇಳಿದೆ. ಹಾಗಾದರೆ ಅಧಿಕಾರಿಗಳಾದ ಗುರುಗಳಲ್ಲಿ ನನ್ನದೊಂದು ವಿನಂತಿ. ಹೋಗುವ ಮುಂಚೆ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿವಸ, ವೇಳೆಗಳನ್ನು ಕೇಳಿಕೊಂಡು, ಅದನ್ನೂ 14416ನ್ನೂ ಕನ್ನಡದಲ್ಲಿ, ಮರಾಠಿಯಲ್ಲಿ ದೊಡ್ಡ ಅಕ್ಷರಗಳಿಂದ ಪಂಚಾಯಿತಿಯ ಗೋಡೆ, ಹಿಟ್ಟಿನ ಗಿರಣಿ, ಬಸ್ಸು ನಿಲ್ಲುವ ಕಟ್ಟೆಗಳ ಮೇಲೆ ಬರೆಸೋಣ. ಯಾರ ಮನೆಯಲ್ಲಿ ಯಾರಿಗೆ ಬೇನೆ ಎಂದು ಮನೆಮನೆಗೆ ಹೋಗಿ ಕೇಳುವದು ಬೇಡ. ಅದು ನಮ್ಮ ಕೆಲಸವಲ್ಲ, ಆ ಮನೆಗಳಿಗೆ ಹಿತವೂ ಅಲ್ಲ. ಆದರೆ ಶ್ರಮದಾನದ ದಿವಸ ಯಾರಾದರೂ ದೂರ ಕುಳಿತು ನೋಡುತ್ತಿದ್ದು, ಊರವರು 'ಅವನ್ನ ಕರೀಬ್ಯಾಡ್ರಿ, ಅವ ಹಂಗದಾನ' ಎಂದರೆ, ಕರೆಯೋಣ. ನಮ್ಮಲ್ಲಿ ಬುಟ್ಟಿಗಳು ಯಾವಾಗಲೂ ಎರಡು ಹೆಚ್ಚಿಗೆ ಇರುತ್ತವೆ.